ತುಂಬೆಯ ಹೂವಿನ ಮೇಲೊಂದು ಜೇನು

ಶಿವಪೂಜೆಗೆ ಪ್ರಿಯವಾದ ತುಂಬೆಯ ಹೂವನ್ನು ಅರಿಯದವರು ನಮ್ಮಲ್ಲಿ ವಿರಳ. ಆದರೆ ಆ ಹೂವಿಗೆ ಮುಂಜಾನೆ ಬಂದುಹೋಗುವ ಜೇನನ್ನು ನಿಂತು ನೋಡಿದವರು ಇನ್ನೂ ವಿರಳ. ಹಾಗೆ ನೋಡುವುದನ್ನು ಕಲಿಸುವ ಸಾಧನಗಳಲ್ಲಿ ಛಾಯಾಗ್ರಹಣವೂ ಒಂದು.

ಜೇನಿನ ಚಿತ್ರ ತೆಗೆಯಬಯಸುವವನು ಮೊದಲು ತೊರೆಯಬೇಕಾದುದು ಅದರ ಬೆನ್ನಟ್ಟುವ ಚಪಲವನ್ನು. ಜೇನುನೊಣವು ಒಂದು ಸಂಚಾರದಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂಗಳನ್ನು ಅರಸುತ್ತದೆ. ಆದುದರಿಂದ ತುಂಬೆ ದಟ್ಟವಾಗಿ ಬೆಳೆದೆಡೆ, ತನ್ನ ನೆರಳು ಹೂವಿನ ಮೇಲೆ ಬೀಳದಂತೆ ಕುಳಿತು ಕಾಯುವುದೇ ಲೇಸು. ಬೆಳಗಿನ ಹೊತ್ತು ಗಾಳಿ ಕಡಿಮೆ, ಗಿಡ ತೂಗಾಡದು. ಮ್ಯಾಕ್ರೊ ಮಸೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕೆಲವೇ ಮಿಲಿಮೀಟರುಗಳಷ್ಟು. ಹಾಗಾಗಿ ಫೋಕಸು ಜೇನಿನ ಕಣ್ಣಿನ ಮೇಲಿರಬೇಕು. ದ್ಯುತಿರಂಧ್ರ ಎಫ್/8ರಿಂದ ಎಫ್/11ರ ನಡುವೆ, ಷಟರಿನ ವೇಗ ಸೆಕೆಂಡಿನ 1/500 ಭಾಗ ಇದ್ದರೆ ಹೂವಿನ ಮೇಲೆ ಕುಳಿತ ಜೇನಿಗೆ ಸಾಕು. ಹಾರುವಾಗ ರೆಕ್ಕೆಗಳು ಸೆಕೆಂಡಿಗೆ 200ಕ್ಕೂ ಹೆಚ್ಚು ಬಾರಿ ಬಡಿಯುವುದರಿಂದ ಅವು ಮಸುಕಾಗಿ ಮೂಡಿದರೆ ಅದು ದೋಷವಲ್ಲ.

ಬದಿಯಿಂದ ತೆಗೆದ ಒಳ್ಳೆಯ ಚಿತ್ರವೊಂದು ಇಡೀ ಪಾಠವನ್ನೇ ಹೇಳಬಲ್ಲುದು. ತುಂಬೆಯ ಅಗಲವಾದ ಕೆಳದುಟಿ ಜೇನಿಗೆ ಮೆಟ್ಟಿಲು. ರೋಮಭರಿತ ಮೇಲ್ದುಟಿಯ ಮರೆಯಲ್ಲಿ ಕೇಸರಗಳಿವೆ. ಮಕರಂದಕ್ಕಾಗಿ ಬಾಗಿದ ಜೇನಿನ ಮೈಗೆ ಪರಾಗ ಅಂಟಿ, ಮುಂದಿನ ಹೂವನ್ನು ಸೇರುತ್ತದೆ.

ಚಿತ್ರಗಳನ್ನು ಕೂಡಿಸುತ್ತ ಹೋದಂತೆ ಅತಿಥಿಗಳ ಪರಿಚಯವೂ ಆಗುತ್ತದೆ. ತುಡುವೆ, ಕೋಲುಜೇನುಗಳಲ್ಲದೆ ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿಜೇನೂ ಅಲ್ಲಿ ಕಾಣಸಿಗುತ್ತದೆ. ಇದು ಹುಟ್ಟು ಕಟ್ಟದು, ನಮಗೆ ಜೇನುತುಪ್ಪ ಕೊಡದು. ಮಣ್ಣಿನಲ್ಲಿ ಗೂಡು ಮಾಡುತ್ತದೆ. ಆದರೆ ಬದನೆ, ಟೊಮ್ಯಾಟೊ ಹೂಗಳನ್ನು ತಬ್ಬಿ ಝೇಂಕರಿಸಿ, ಆ ಕಂಪನದಿಂದ ಪರಾಗವನ್ನು ಉದುರಿಸುತ್ತದೆ. ಬದುವಿನ ತುಂಬೆಯಲ್ಲಿ ಉಂಡ ಜೇನು ಹೊಲದ ಬದನೆಯಲ್ಲಿ ಕಾಯಕ ಮಾಡುತ್ತದೆಂಬುದನ್ನು ರೈತನ ಮಗನಿಗೆ ತೋರಿಸಲು ಎರಡು ಚಿತ್ರಗಳು ಸಾಕು.

ನಾವೋ, ಸಮಾರಂಭಕ್ಕೆ ಮುನ್ನ ಆವರಣವನ್ನು ಶುಚಿಗೊಳಿಸುವಾಗ ತುಂಬೆಯನ್ನು ಕಳೆಯೆಂದು ಬೇರುಸಹಿತ ಕೀಳುತ್ತೇವೆ. ಮರುದಿನ ಪೂಜೆಗೆ ಅದೇ ಹೂವನ್ನು ಅರಸುತ್ತೇವೆ. ಪ್ರತಿ ಶಾಲೆಯ ಆವರಣದಲ್ಲಿಯೂ ಒಂದು ಮೂಲೆಯನ್ನು ಕುಡುಗೋಲಿನಿಂದಲೂ ಕಳೆನಾಶಕದಿಂದಲೂ ಕಾಪಾಡಬಾರದೇಕೆ? ಅಲ್ಲಿ ವಿದ್ಯಾರ್ಥಿಗಳು ಹೂ ಕೀಳದೆ, ಗೂಡು ಕೆದಕದೆ, ಹೆಜ್ಜೇನಿನ ಹುಟ್ಟಿನಿಂದ ದೂರವಿದ್ದು ಚಿತ್ರ ತೆಗೆಯಲಿ. ದಿನಾಂಕ, ವೇಳೆ, ಹೂವಿನ ಹೆಸರುಗಳನ್ನು ಬರೆದಿಡಲಿ. ಮೊಬೈಲ್ ಫೋನಿನಲ್ಲಿ ತೆಗೆದುದಾದರೂ ಚಿಂತೆಯಿಲ್ಲ. ವರ್ಷವರ್ಷವೂ ಹೀಗೆ ಬೆಳೆಯುವ ಸಂಗ್ರಹದಿಂದ ಯಾವ ಜೇನು ಬರುತ್ತಿದೆ, ಯಾವುದು ಬರುವುದನ್ನು ನಿಲ್ಲಿಸಿತು ಎಂಬುದು ತಿಳಿಯುತ್ತದೆ. ಶಿಕ್ಷಕ ಬಂಧುಗಳೂ ದಾನಿಗಳೂ ಈ ಚಿಕ್ಕ ಮೂಲೆಯತ್ತ ಗಮನ ಹರಿಸಬೇಕೆಂದು ವಿನಂತಿ.