ತಾಳ ಬಿದ್ದರೆ ಮಾತು ನಿಲ್ಲಬೇಕು

ಯಕ್ಷಗಾನದ ಆಟ ಶುರುವಾಗುವ ಮೊದಲೇ ಹೋಗಿ ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಕೂತು ನೋಡಬೇಕು. ವೇಷಭೂಷಣದ ಪೆಟ್ಟಿಗೆಗಳ ನಡುವೆ ಒಬ್ಬೊಬ್ಬರೂ ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಎಲ್ಲಿ ಕೂರಲಿ ಎಂದು ಯಾರೂ ಕೇಳುವುದಿಲ್ಲ. ಯಾವ ವೇಷದವರ ಜಾಗ ಯಾವುದೆಂಬುದು ಮೊದಲೇ ಗೊತ್ತು. ಚೌಕಿಯ ಗಣಪತಿಗೆ ಹೆಸರಾಂತ ಕಲಾವಿದರೂ ಕೈಮುಗಿಯುತ್ತಾರೆ, ಈ ವರ್ಷ ಮೇಳ ಸೇರಿದ ಹುಡುಗನೂ ಕೈಮುಗಿಯುತ್ತಾನೆ.

ದೀಪಾವಳಿ ಕಳೆದು ಹೊರಟ ಕರಾವಳಿಯ ಮೇಳ ಗೆಜ್ಜೆ ಬಿಚ್ಚುವುದು ಮೇ ತಿಂಗಳ ಪತ್ತನಾಜೆಗೆ. ಅಲ್ಲಿಯ ತನಕ ದಿನಕ್ಕೊಂದು ಊರು, ಒಟ್ಟಿಗೆ ಊಟ, ನಿದ್ದೆಗೆಟ್ಟ ಕಣ್ಣು. ನಡವಳಿಕೆಯ ಕಟ್ಟುಪಾಡನ್ನು ಜಗಳವಾದ ಮೇಲೆ ಹುಡುಕುತ್ತ ಕೂತರೆ ಮೇಳ ಸಂಕ್ರಾಂತಿಯನ್ನೂ ಕಾಣಲಿಕ್ಕಿಲ್ಲ.

ರಂಗದ ಮೇಲಂತೂ ಇದು ಇನ್ನೂ ಸೂಕ್ಷ್ಮ. ಯಕ್ಷಗಾನದಲ್ಲಿ ಪದ್ಯ ಪ್ರಸಂಗದ್ದು, ಅರ್ಥ ಮಾತ್ರ ವೇಷಧಾರಿಯದ್ದು. ಬಾಯಿಪಾಠದ ಸಂಭಾಷಣೆ ಇಲ್ಲದಿರುವುದರಿಂದ ಮಾತು ಎಷ್ಟು ದೂರವೂ ಹೋಗಬಹುದು. ಅದನ್ನು ಹಿಡಿದು ನಿಲ್ಲಿಸುವುದು ಪದ್ಯ ಹಾಡಿ ಆಟ ನಡೆಸುವ ಭಾಗವತರ ತಾಳ. ಅವರು ಮುಂದಿನ ಪದ್ಯ ಎತ್ತಿಕೊಂಡರೆ ಎಂಥ ಮಾತುಗಾರನೂ ಅಲ್ಲಿಗೆ ಮುಗಿಸಬೇಕು. ಭಾಗವತರನ್ನು ಮೊದಲನೇ ವೇಷಧಾರಿ ಎಂದು ಕರೆಯುವುದು ಸುಮ್ಮನೆ ಅಲ್ಲ. ತೆಂಕುತಿಟ್ಟು ಶೈಲಿಯ ಭಾಗವತರ ಪೀಠದಲ್ಲಿ ಗಾಯಕಿ ಲೀಲಾವತಿ ಬೈಪಾಡಿತ್ತಾಯರು ಕೂತು ಹಾಡಿದಾಗ ಗಂಡಸರೇ ತುಂಬಿದ ಮೇಳ ಕುಣಿದದ್ದು ಅವರ ತಾಳಕ್ಕೆ. ಆ ಗೌರವ ಪೀಠಕ್ಕೆ ಸಲ್ಲುವಂಥದ್ದು. ಕೂತವರು ಗಂಡೋ ಹೆಣ್ಣೋ ಎಂದು ನೋಡಿ ಕೊಡುವುದಲ್ಲ.

ಆದರೆ ಈ ಹಳೆಯ ಕಟ್ಟುಪಾಡೊಂದನ್ನೇ ನಂಬಿದರೆ ಈಗ ಸಾಲದು ಎಂದೇ ನನಗೆ ಅನ್ನಿಸುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿವೆ. ಪ್ರೇಕ್ಷಕರಿಗೂ ಬೆಳಗಿನವರೆಗೆ ಕೂರುವ ಪುರುಸೊತ್ತಿಲ್ಲ. ಹೀಗಾಗಿ ಕಾಲಮಿತಿಯ ಆಟಗಳು ಹೆಚ್ಚಾಗಿವೆ. ಇಡೀ ರಾತ್ರಿಯ ಆಟದಲ್ಲಿ ಒಬ್ಬರು ಅರ್ಧ ಗಂಟೆ ಹೆಚ್ಚು ಮಾತಾಡಿದರೆ ಅದು ರಸ. ಮೂರು ಗಂಟೆಯ ಆಟದಲ್ಲಿ ಅದೇ ಅರ್ಧ ಗಂಟೆ ಇನ್ನೊಬ್ಬರ ಪಾಲಿನ ಅನ್ನ.

ಒಂದು ‘ಕರ್ಣಾರ್ಜುನ ಕಾಳಗ’ದಲ್ಲಿ ಇದನ್ನು ಕಣ್ಣಾರೆ ಕಂಡೆ. ಕರ್ಣನ ಪಾತ್ರಧಾರಿ ಹಿರಿಯರು. ಶಲ್ಯನೊಂದಿಗೆ ಅವರ ಸಂವಾದ ನಿಜಕ್ಕೂ ಸೊಗಸಾಗಿತ್ತು, ಚಪ್ಪಾಳೆಯೂ ಬಿತ್ತು. ಭಾಗವತರು ಎರಡು ಸಲ ತಾಳ ಹಾಕಿದರೂ ಮಾತು ನಿಲ್ಲಲಿಲ್ಲ. ಕೊನೆಗೆ ಕಿರಿಯ ಅರ್ಜುನನ ಮೂರು ಪದ್ಯ ಬಿಟ್ಟು ಯುದ್ಧ ಮುಗಿಸಿದರು. ಚೌಕಿಗೆ ಬಂದ ಹುಡುಗ ಕಿರೀಟ ಬಿಚ್ಚಿಟ್ಟು ಯಾರ ಮುಖವನ್ನೂ ನೋಡದೆ ಬಣ್ಣ ತೆಗೆಯುತ್ತ ಕೂತ. ಹಿರಿಯರಿಗೆ ಹೇಳುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಅದು ಅವನೊಬ್ಬನ ಹೊರೆಯಾಗಲೂ ಬಾರದು.

ಮರುದಿನ ಸಂಜೆ ಭಾಗವತರು ಚೌಕಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಒಂದು ಚೀಟಿ ಓದಿದರು: ಇಂಥವರಿಗೆ ಇಷ್ಟು ಪದ್ಯ, ಇಷ್ಟು ನಿಮಿಷ. ನಿನ್ನೆಯ ಮಾತನ್ನು ಎತ್ತಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಆ ಹಿರಿಯರೇ ಕನ್ನಡಿ ಕೆಳಗಿಟ್ಟು ಕೇಳಿದರು.

“ನನಗೆ ಎಷ್ಟು ಹೊತ್ತು ಭಾಗವತರೇ?”

“ಇಪ್ಪತ್ತು ನಿಮಿಷ.”

“ಆಯ್ತು. ಮೀರಿದರೆ ಪದ್ಯ ಎತ್ತಿಯೇಬಿಡಿ,” ಎಂದವರು ಮತ್ತೆ ಬಣ್ಣಕ್ಕೆ ಕೈ ಹಾಕಿದರು.