‘ಪತ್ತೆಯಾಗಿಲ್ಲ’ ಅಂದರೆ ಎಷ್ಟು?

ಶಿರಸಿ ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಎರಡು ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ವ್ಯಾಪಾರಿ ಕೇಳಿದನೆಂದು ಒಂದು ಸೇರು ಮೆಣಸನ್ನು ಪರೀಕ್ಷೆಗೆ ಕಳಿಸಿದರಂತೆ. ಪುಟಗಟ್ಟಲೆ ವರದಿ ಬಂತು. ಸಾಲುಸಾಲಾಗಿ ಕೀಟನಾಶಕಗಳ ಹೆಸರು, ಪ್ರತಿಯೊಂದರ ಎದುರಿಗೂ ‘ಪತ್ತೆಯಾಗಿಲ್ಲ’. ಅವರ ಪ್ರಶ್ನೆ ಇಷ್ಟು: “ಪತ್ತೆಯಾಗಿಲ್ಲ ಅಂದರೆ ಸೊನ್ನೆ ಅಂತಲೇ ತಾನೆ? ಹಾಗಾದರೆ ಸೊನ್ನೆ ಅಂತ ಬರೆಯಲಿಕ್ಕೆ ಇವರಿಗೇನು ದಾಡಿ?”

ದಾಡಿ ಇದೆ ಸ್ವಾಮಿ. ಸೊನ್ನೆ ಎನ್ನುವ ಎದೆಗಾರಿಕೆ ಯಾವ ರಸಾಯನ ವಿಜ್ಞಾನಿಗೂ ಇಲ್ಲ. ‘ನಮ್ಮ ಯಂತ್ರದ ಮೂಗಿಗೆ ವಾಸನೆ ಬಡಿಯಲಿಲ್ಲ’ ಎಂದಷ್ಟೇ ಅವನು ಹೇಳಬಲ್ಲ. ಎಲ್ಲಿಯವರೆಗೆ ಮೂಗು ಮೊಂಡಾಗಿತ್ತೋ ಅಲ್ಲಿಯವರೆಗೆ ಜಗತ್ತೆಲ್ಲ ಶುದ್ಧವಾಗಿಯೇ ಇತ್ತು. ಮೂಗು ಚುರುಕಾದ ಕಥೆ ಮಾತ್ರ ಸ್ವಾರಸ್ಯದ್ದು, ಅದನ್ನು ಹೇಳದೆ ಬಿಡುವ ಮನಸ್ಸಿಲ್ಲ.

ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರವನ್ನು ಕಾಲೇಜಿನ ಪ್ರಯೋಗಾಲಯಗಳಲ್ಲಿ ನೀವು ನೋಡಿರಬಹುದು. ಹೊರಗಿನಿಂದ ಬೇಕರಿಯ ಒಲೆಯಂತೆ ಕಾಣುತ್ತದೆ. ಬಾಗಿಲು ತೆಗೆದರೆ ಒಳಗೆ ಮೂವತ್ತು ಮೀಟರ್ ಉದ್ದದ, ಕಾಲು ಮಿಲಿಮೀಟರ್ ಒಳವ್ಯಾಸದ ಗಾಜಿನ ಎಳೆ ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತದೆ. ಒಂದು ಕಡೆಯಿಂದ ಹನಿಯ ಚೂರನ್ನು ಚುಚ್ಚಿದರೆ ಅದು ಆವಿಯಾಗಿ, ಅದರಲ್ಲಿರುವ ರಾಸಾಯನಿಕಗಳು ಬೇರೆಬೇರೆ ವೇಗದಲ್ಲಿ ಓಡಿ, ಒಂದೊಂದಾಗಿ ಇನ್ನೊಂದು ತುದಿ ತಲುಪುತ್ತವೆ. ಓಟದ ವಿಷಯ ಇಷ್ಟು ಸಾಕು. ನನಗೆ ಮೋಜೆನಿಸುವುದು ಓಟ ಮುಗಿಯುವ ಗೆರೆಯಲ್ಲಿ ಕೂತ ಕಾವಲುಗಾರ. ಅವನೇ ಡಿಟೆಕ್ಟರ್.

1950ರ ದಶಕ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಜೇಮ್ಸ್ ಲವ್‌ಲಾಕ್ ಎಂಬ ವಿಜ್ಞಾನಿ ಹ್ಯಾಮ್‌ಸ್ಟರ್‌ಗಳನ್ನು ಹೆಪ್ಪುಗಟ್ಟಿಸಿ ಮತ್ತೆ ಬದುಕಿಸುವ ಕೆಲಸದಲ್ಲಿದ್ದ. ಹ್ಯಾಮ್‌ಸ್ಟರ್ ಎಂದರೆ ಅಂಗೈಯಲ್ಲಿ ಕೂರುವ, ಕೆನ್ನೆಯಲ್ಲಿ ಕಾಳು ತುಂಬಿಕೊಳ್ಳುವ ಇಲಿಯ ಬಳಗದ ಪ್ರಾಣಿ. ಮೊದಮೊದಲು ಅವುಗಳ ಎದೆಗೆ ಕಾಯಿಸಿದ ಚಮಚ ಒತ್ತಿ ಎಬ್ಬಿಸುತ್ತಿದ್ದರು. ಅದು ಹಿಂಸೆ ಎನಿಸಿ ಲವ್‌ಲಾಕ್ ಮೈಕ್ರೋವೇವ್ ಅಲೆಗಳಿಂದ ಬೆಚ್ಚಗಾಗಿಸುವ ಪೆಟ್ಟಿಗೆ ಕಟ್ಟಿದ. ಅದರಲ್ಲೇ ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಬೇಯಿಸಿಕೊಂಡೆ ಎಂದು ಮುಂದೆ ಹೇಳಿಕೊಂಡಿದ್ದೂ ಉಂಟು.

ಚಳಿಗೆ ಜೀವಕೋಶ ಯಾಕೆ ಒಡೆಯುತ್ತದೆಂದು ತಿಳಿಯಲು ಕೋಶದ ಪೊರೆಯಲ್ಲಿರುವ ಕೊಬ್ಬಿನ ಆಮ್ಲಗಳನ್ನು ಅಳೆಯಬೇಕಿತ್ತು. ಅದೇ ಕಟ್ಟಡದಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿಯನ್ನು ಕಂಡುಹಿಡಿದ ಮಾರ್ಟಿನ್ ಮತ್ತು ಜೇಮ್ಸ್ (ಈ ಜೇಮ್ಸ್ ಬೇರೆ) ಎಂಬ ವಿಜ್ಞಾನಿಗಳಿದ್ದರು. “ನಿನ್ನ ಸ್ಯಾಂಪಲ್ ತೀರಾ ಚಿಕ್ಕದು. ಹೆಚ್ಚು ತಾ, ಇಲ್ಲವೇ ಇದಕ್ಕಿಂತ ಚುರುಕಿನ ಡಿಟೆಕ್ಟರ್ ಮಾಡಿಕೊ” ಎಂದು ಅವರು ಸಾಗಹಾಕಿದರಂತೆ. ಲವ್‌ಲಾಕ್ ಮಾಡಿಯೇಬಿಟ್ಟ. ಹಾಗೆ ಮಾಡುತ್ತ ಹೋದ ಡಿಟೆಕ್ಟರ್‌ಗಳ ಸಾಲಿನಲ್ಲಿ 1957ರಲ್ಲಿ ಒಂದು ಅಡ್ಡಕಸುಬಿಯೂ ಹುಟ್ಟಿತು. ಕೊಬ್ಬಿನ ಆಮ್ಲ ಅದಕ್ಕೆ ಲೆಕ್ಕಕ್ಕೇ ಇಲ್ಲ. ಕ್ಲೋರಿನ್ ಇರುವ ಅಣು ಕಂಡರೆ ಮಾತ್ರ ಮೈಮೇಲೆ ಬಂದವರಂತೆ ಕುಣಿಯುತ್ತದೆ. ಅದರ ಹೆಸರು ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್.

ಇದು ಕೆಲಸ ಮಾಡುವ ಬಗೆ ನೋಡಿ. ಪುಟ್ಟ ಲೋಹದ ಕೋಣೆ, ಈಗಿನವುಗಳಲ್ಲಿ ಅದರೊಳಗೆ ನಿಕ್ಕಲ್-63 ಎಂಬ ವಿಕಿರಣಶೀಲ ಲೋಹದ ತೆಳು ಲೇಪ. ಲೇಪದಿಂದ ಸಿಡಿಯುವ ಕಣಗಳು ಹರಿಯುವ ನೈಟ್ರೋಜನ್ ಅನಿಲಕ್ಕೆ ಬಡಿದು ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಕೋಣೆಯಲ್ಲಿ ಸಣ್ಣದೊಂದು ವಿದ್ಯುತ್ ಒಂದೇ ಸಮನೆ ಹರಿಯುತ್ತಿರುತ್ತದೆ. ಮದುವೆ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ಹೋಳಿಗೆ ಬಡಿಸುವವನು ಎಲೆಗೊಂದರಂತೆ ಹಾಕುತ್ತ ಕೊನೆಯವರೆಗೆ ಹೋಗುತ್ತಿದ್ದಾನೆ. ನಡುವೆ ಹೋಳಿಗೆಯ ಶೂರನೊಬ್ಬ ಕೂತನೆಂದರೆ ಬುಟ್ಟಿ ಅಲ್ಲೇ ಹಗುರ. ಅವನು ಬಂದಿದ್ದಾನೆಂದು ತಿಳಿಯಲು ಮುಖ ನೋಡಬೇಕಿಲ್ಲ, ಕೊನೆಯ ಎಲೆ ಖಾಲಿ ಉಳಿದದ್ದು ಕಂಡರೆ ಸಾಕು. ಕ್ಲೋರಿನ್ ಅಣು ಆ ಶೂರ. ಅದು ಎಲೆಕ್ಟ್ರಾನ್‌ಗಳನ್ನು ನುಂಗುತ್ತದೆ, ವಿದ್ಯುತ್ ಕುಸಿಯುತ್ತದೆ, ಕುಸಿತ ಗೆರೆಯ ಮೇಲೆ ಗುಡ್ಡವಾಗಿ ಮೂಡುತ್ತದೆ. ಬಂದದ್ದನ್ನಲ್ಲ, ಕಾಣೆಯಾದದ್ದನ್ನು ಎಣಿಸುವ ಯಂತ್ರ ಇದು!

ಚುರುಕು ಎಷ್ಟೆಂದರೆ, ಕ್ಲೋರಿನ್ನಿನ ನೆಂಟನಾದ ಫ್ಲೋರಿನ್ ತುಂಬಿದ ಯಾವುದಾದರೂ ಅಪರೂಪದ ದ್ರವವನ್ನು ಜಪಾನಿನಲ್ಲಿ ಕಂಬಳಿಯೊಂದಕ್ಕೆ ಸುರಿದು ಆರಲು ಬಿಟ್ಟರೆ, ಕೆಲವು ವಾರಗಳಲ್ಲಿ ಇಂಗ್ಲೆಂಡಿನ ಗಾಳಿಯಲ್ಲಿ ಅದನ್ನು ಹಿಡಿಯಬಲ್ಲೆ ಎಂದು ಲವ್‌ಲಾಕ್ ಹೇಳುತ್ತಿದ್ದ.

ಇಂಥ ಮೂಗು ಸಿಕ್ಕ ಮೇಲೆ ‘ಸೊನ್ನೆ’ಗಳು ಒಂದೊಂದಾಗಿ ಉದುರತೊಡಗಿದವು. ಹೊಲದಲ್ಲಿ ಹೊಡೆದದ್ದು ಹೊಲದಲ್ಲೇ ಉಳಿಯುತ್ತದೆಂದು ನಂಬಿದ್ದ ಡಿಡಿಟಿ ಕೀಟನಾಶಕ, ಒಂದು ಗದ್ದೆಯೂ ಇಲ್ಲದ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳ ಮೈಯಲ್ಲಿ ಇದೆಯೆಂದು 1966ರಲ್ಲಿ ಪ್ರಕಟವಾಯಿತು. 1971ರ ಕೊನೆಗೆ ಲವ್‌ಲಾಕ್ ತಾನೇ ಕಟ್ಟಿದ ಯಂತ್ರವನ್ನು ‘ಶ್ಯಾಕಲ್‌ಟನ್’ ಹಡಗಿಗೇರಿಸಿದ, ಹಡಗು ಅಂಟಾರ್ಕ್ಟಿಕಾದವರೆಗೆ ಹೋಗಿಬಂತು. ಫ್ರಿಜ್ ಮತ್ತು ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲ ದಾರಿಯುದ್ದಕ್ಕೂ ಸಿಕ್ಕಿತು. ಲಕ್ಷ ಕೋಟಿಯಲ್ಲಿ ಐವತ್ತರ ಆಸುಪಾಸಿನ ಪಾಲು. ಲಕ್ಷ ಕೋಟಿಯಲ್ಲಿ ಒಂದು ಪಾಲೆಂದರೆ ಸುಮಾರು 32,000 ವರ್ಷಗಳಲ್ಲಿ ಒಂದು ಸೆಕೆಂಡು. ಅಷ್ಟು ಕಂಡವನು 1973ರ ತನ್ನ ಲೇಖನದಲ್ಲಿ ‘ಇದರಿಂದ ಅಪಾಯವೇನೂ ಇಲ್ಲ’ ಎಂಬರ್ಥದ ಮಾತನ್ನೂ ಸೇರಿಸಿದ. ಮರುವರ್ಷವೇ ರೋಲೆಂಡ್ ಮತ್ತು ಮೊಲಿನಾ ಎಂಬ ವಿಜ್ಞಾನಿಗಳು ಈ ಅನಿಲ ಓಝೋನ್ ಪದರವನ್ನು ತಿನ್ನುವ ಬಗೆಯನ್ನು ವಿವರಿಸಿದರು. 1995ರಲ್ಲಿ ನೊಬೆಲ್ ಅವರಿಗೆ ಹೋಯಿತು. ಆ ಒಂದು ಸಾಲಿನ ಬಗ್ಗೆ ಲವ್‌ಲಾಕ್ ಮುಂದೆ ಪಶ್ಚಾತ್ತಾಪಪಟ್ಟ. ಇದೆ ಎನ್ನುವುದು ಯಂತ್ರದ ಮಾತು, ಏನೂ ಆಗುವುದಿಲ್ಲ ಎನ್ನುವುದು ಮನುಷ್ಯನ ಮಾತು. ಎರಡನ್ನೂ ಒಂದೇ ಉಸಿರಲ್ಲಿ ಹೇಳುವವರನ್ನು ಕಂಡರೆ ನನಗೆ ಅನುಮಾನ.

ನಮ್ಮ ಅಂಗಳಕ್ಕೇ ಬರೋಣ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ, ಕನ್ನಡ ತುಳು ಮಾತಾಡುವ ಊರು. ಅಲ್ಲಿಯ ಗುಡ್ಡಗಳ ಗೇರು ತೋಟಕ್ಕೆ ಎರಡು ದಶಕಗಳ ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 1979ರ ಸುಮಾರಿಗೆ ಅಲ್ಲಿ ಕಾಲು ಸೊಟ್ಟಗಿರುವ ಕರುಗಳು ಹುಟ್ಟಿದ್ದನ್ನು ಪತ್ರಕರ್ತ ಶ್ರೀಪಡ್ರೆ ಬರೆದರು. ಆಮೇಲೆ ಮಕ್ಕಳ ಸರದಿ. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ಲೆಕ್ಕ ಇಡುತ್ತ ಹೋದರು. ದೈವದ ಮುನಿಸು ಎಂದು ನಂಬಿ ಸುಮ್ಮನಾದವರೂ ಇದ್ದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಾಲಯ ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಯ ಹಾಲನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲವೆಂಬ ವರದಿಗಳೂ ಬಂದವು, ಜಗಳ ಕೋರ್ಟಿನವರೆಗೆ ನಡೆಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ತಡೆಯಿತು.

ಎಂಡೋಸಲ್ಫಾನ್ ಅಣುವಿನಲ್ಲಿ ಆರು ಕ್ಲೋರಿನ್‌ಗಳಿವೆ. ಲವ್‌ಲಾಕನ ಡಿಟೆಕ್ಟರಿಗೆ ಹಬ್ಬದೂಟ. ಕಾಗದದ ಮೇಲೆ ಆಲ್ಫಾ, ಬೀಟಾ ಎಂದು ಎರಡು ಗುಡ್ಡ ಏಳುತ್ತವೆ. ಡಬ್ಬಿಯಲ್ಲಿ ಅವುಗಳ ಪಾಲು 7ಕ್ಕೆ 3. ಹೊಡೆದು ದಿನ ಕಳೆದ ಹಾಗೆ ಅವು ಕರಗಿ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಮೂರನೆಯ ಗುಡ್ಡ ಬೆಳೆಯುತ್ತದೆ. ಹಾಗಾಗಿ ನುರಿತವರು ಗುಡ್ಡಗಳ ಎತ್ತರ ನೋಡಿಯೇ ‘ಇದು ಹೊಸತು, ಇದು ಹಳತು’ ಎನ್ನಬಲ್ಲರು, ಗೊಬ್ಬರದ ಬಣ್ಣ ನೋಡಿ ಎಷ್ಟು ತಿಂಗಳ ಗುಂಡಿ ಎನ್ನುವ ರೈತನ ಹಾಗೆ.

ಆದರೆ ಈ ಮೂಗೂ ಮೋಸ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಎಲೆಕೋಸಿನಲ್ಲಿರುವ ಗಂಧಕದ ಸಂಯುಕ್ತಗಳೂ ಎಲೆಕ್ಟ್ರಾನ್ ನುಂಗುತ್ತವೆ, ವಿಷವಿಲ್ಲದಿದ್ದರೂ ಗುಡ್ಡ ಎಬ್ಬಿಸುತ್ತವೆ. ನನ್ನದೇ ಒಂದು ಪ್ರಸಂಗ ಕೇಳಿ. ಒಮ್ಮೆ ಮನೆಯ ಬಾವಿನೀರನ್ನು ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಗೆಳೆಯರ ಪ್ರಯೋಗಾಲಯಕ್ಕೆ ಒಯ್ದೆ. ತೆರೆಯ ಮೇಲೆ ಕುದುರೆಮುಖದಂಥ ಶಿಖರ! ನನಗೆ ಕೈಕಾಲು ತಣ್ಣಗಾಯಿತು. ಅಲ್ಲಿಯ ಹುಡುಗಿ ನಗುತ್ತ, “ಸಾರ್, ಅದು ಬಾವಿಯದ್ದಲ್ಲ, ನಿಮ್ಮ ಡಬ್ಬಿಯದ್ದು. ಗಾಜಿನ ಬಾಟಲಿಯಲ್ಲಿ ತನ್ನಿ” ಎಂದಳು. ಪ್ಲಾಸ್ಟಿಕ್ ಮೆದುವಾಗಲೆಂದು ಬೆರೆಸುವ ಥ್ಯಾಲೇಟ್ ನೀರಿಗಿಳಿದಿತ್ತು. ಈಗ ದೊಡ್ಡ ಪ್ರಯೋಗಾಲಯಗಳು ಅಣುವನ್ನು ಒಡೆದು ತುಣುಕು ತೂಗುವ ಮಾಸ್ ಸ್ಪೆಕ್ಟ್ರೋಮೀಟರನ್ನು ಬಳಸುವುದು ಇಂಥ ಗೊಂದಲ ತಪ್ಪಿಸಲಿಕ್ಕೇ.

    

ಇಷ್ಟೆಲ್ಲ ಇದ್ದರೂ ನಮ್ಮ ಜನ ನಂಬುವುದು ಹುಳವನ್ನು. ‘ಹುಳ ಇರುವ ಬದನೆಯೇ ಬೇಕು, ಮದ್ದು ಹೊಡೆದಿರುವುದಿಲ್ಲ’ ಎಂದು ಸಂತೆಯಲ್ಲಿ ಆರಿಸುವ ಜಾಣರನ್ನು ಕಂಡಿದ್ದೇನೆ. ಬದನೆಯ ಹುಳ ಮರಿಯಾಗಿದ್ದಾಗಲೇ ಕಾಯಿಯೊಳಗೆ ಕೊರೆದು ಹೋಗಿ ಕೂರುತ್ತದೆ. ಹೊರಗೆ ಹತ್ತು ಸಲ ಹೊಡೆದರೂ ಅದಕ್ಕೆ ತಗಲುವುದಿಲ್ಲ, ನಿಮಗೆ ತಗಲುತ್ತದೆ. ಇನ್ನು ಕೈಮದ್ದಿನ ವಿಚಾರ. ಯಾರೋ ಅನ್ನದಲ್ಲಿ ಮದ್ದು ಹಾಕಿದ್ದಾರೆಂದು ಹೊಟ್ಟೆನೋವಿಗೆ ಹೆದರಿ, ವಾಂತಿ ಮಾಡಿಸಿ ‘ಮದ್ದು ತೆಗೆಯುವವರ’ ಮನೆ ಮುಂದೆ ಸಾಲು ನಿಲ್ಲುತ್ತಾರೆ. ತೆಗೆದು ತೋರಿಸಿದ ಉಂಡೆಯನ್ನು ಒಬ್ಬರಾದರೂ ಪ್ರಯೋಗಾಲಯಕ್ಕೆ ಕೊಟ್ಟದ್ದುಂಟೇ? ನೆರೆಮನೆಯವಳು ಹಾಕದ ಮದ್ದಿಗೆ ಹೆದರುವವರು ತಾವೇ ತೋಟಕ್ಕೆ ಬಿಡುವ ಮದ್ದಿನ ಡಬ್ಬಿಯ ಚೀಟಿ ಓದುವುದಿಲ್ಲ.

ಶಿರಸಿಯವರೇ, ನಿಮ್ಮ ವರದಿಗೆ ಮರಳೋಣ. ಯುರೋಪಿನವರು ಬೇರೆ ಮಿತಿ ಹೇಳಿರದ ಕೀಟನಾಶಕಗಳಿಗೆಲ್ಲ ಇಟ್ಟ ಗೆರೆ ಕಿಲೋಗೆ 0.01 ಮಿಲಿಗ್ರಾಂ. ಯಂತ್ರ ಅಲ್ಲಿಯವರೆಗಷ್ಟೇ ಮೂಸಬಲ್ಲದು ಎಂದಿಟ್ಟುಕೊಳ್ಳಿ. ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಎಂಡೋಸಲ್ಫಾನ್ ಇದ್ದರೂ ‘ಪತ್ತೆಯಾಗಿಲ್ಲ’ ಎಂದೇ ಬರುತ್ತದೆ. ಆಗ 50 ಮಿಲಿಗ್ರಾಂ ತೂಗುವ ನಿಮ್ಮ ಒಂದೇ ಒಂದು ಕಾಳಿನಲ್ಲಿ ಅದರ ಅಣುಗಳೆಷ್ಟಿರಬಹುದು? ಲೆಕ್ಕ ಹಾಕಿದೆ: 70,000 ಕೋಟಿಗೂ ಹೆಚ್ಚು. ಗಾಬರಿ ಬೇಡ, ಅಷ್ಟನ್ನೂ ತೂಗಿದರೆ ಒಂದು ಗ್ರಾಮಿನ ಇನ್ನೂರು ಕೋಟಿಯಲ್ಲಿ ಒಂದು ಪಾಲೂ ಆಗುವುದಿಲ್ಲ. ಅದರಿಂದ ಕೆಡುಕಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಸೊನ್ನೆಯಲ್ಲ, ಅಷ್ಟೆ.

ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂಬುದರ ಪಕ್ಕದ ಕಾಲಮ್ಮಿನಲ್ಲಿ ಅವರ ಯಂತ್ರದ ಮಿತಿಯ ಅಂಕಿ ಇರಬೇಕು. ಇದ್ದರೆ ಓದಿ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ, ಪರೀಕ್ಷೆಗೆ ದುಡ್ಡು ಕೊಟ್ಟವರು ನೀವು. ಮುಂದಿನ ಸಲ ಮೆಣಸಿನ ಜೊತೆ ಬಾವಿನೀರನ್ನೂ ಕಳಿಸುವುದಾದರೆ ಗಾಜಿನ ಬಾಟಲಿಯಲ್ಲಿ ಕಳಿಸಿ.