ಕ್ಷಿಪಣಿಯ ಉದ್ದ, ಕಾಫಿ ತೋಟದ ನೆರಳು

ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳ, ಹೆತ್ತೂರು ಕಡೆ ಕಸ್ತೂರಿರಂಗನ್ ಎಂದರೆ ಪಶ್ಚಿಮ ಘಟ್ಟದ ವರದಿ. ಅದೊಬ್ಬ ವಿಜ್ಞಾನಿಯ ಹೆಸರು, ಅವರು ಇಸ್ರೋ ಅಧ್ಯಕ್ಷರಾಗಿದ್ದವರು ಎನ್ನುವುದು ಇಲ್ಲಿ ಆಮೇಲಿನ ಮಾತು. ‘ಕಸ್ತೂರಿರಂಗನ್ ಜಾರಿಯಾದ್ರೆ ನಮ್ ಗತಿ ಏನು’ ಎಂಬ ಪ್ರಶ್ನೆ ಸಂತೆಯಲ್ಲೂ ಕೇಳುತ್ತದೆ, ಮದುವೆ ಮನೆಯ ಚಪ್ಪರದಲ್ಲೂ ಕೇಳುತ್ತದೆ. ಇಸ್ರೋ ಬಿಟ್ಟ ಮೇಲೆ, ಆ ವರದಿಗೆ ಕೈ ಹಾಕುವ ಮೊದಲು, 2004ರಿಂದ 2009ರವರೆಗೆ ಅವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದರು. ಚಿಕ್ಕದಾಗಿ ನಿಯಾಸ್. ನಮ್ಮ ಮಲೆಯಲ್ಲಿ ಈ ಹೆಸರು ಕೇಳಿದವರು ಕಡಿಮೆ. ಚೀನಾದ ಕ್ಷಿಪಣಿ ಎಷ್ಟು ದೂರ ಹೋಗಬಲ್ಲದು, ಪಾಕಿಸ್ತಾನ ಹಾರಿಸಿದ್ದರ ಹೊಟ್ಟೆಯಲ್ಲಿ ಎಷ್ಟು ಇಂಧನ ಹಿಡಿಸುತ್ತದೆ ಎಂದು ಕೂತು ಲೆಕ್ಕ ಹಾಕುವ ಒಂದು ಸಣ್ಣ ಬಳಗ ನಿಯಾಸ್‌ನಲ್ಲಿ ಬೆಳೆಯಿತು. ದೇಶದ ವಿದೇಶಾಂಗ ಮತ್ತು ರಕ್ಷಣಾ ನೀತಿಗೆ ಕಚ್ಚಾ ಸಾಮಗ್ರಿ ಒದಗಿಸುವ ಚಿಂತಕರ ಚಾವಡಿಗಳಲ್ಲಿ ಇದೂ ಒಂದು.

ವರದಿಗಳ ಬಲ ಏನೆಂದು ಹೊಂಗಡಹಳ್ಳಕ್ಕೆ ಬೇರೆಯವರು ಹೇಳಿಕೊಡಬೇಕಿಲ್ಲ. ಎತ್ತಿನಹೊಳೆ, ಕೇರಿಹೊಳೆ, ಬೆಟ್ಟಕುಮರಿಗಳ ಜೊತೆ ಹೊಂಗಡಹಳ್ಳದ ನೀರನ್ನೂ ತಿರುಗಿಸಿ ವಿದ್ಯುತ್ ತೆಗೆಯುವುದು ಗುಂಡ್ಯ ಯೋಜನೆಯ ನಕ್ಷೆಯಲ್ಲಿತ್ತು. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರ ತನ್ನ ವರದಿಯಲ್ಲಿ ಆ ಯೋಜನೆಗೆ ಅನುಮತಿ ಬೇಡ ಎಂದು ಬರೆಯಿತು. ಎಲ್ಲೋ ಕೂತವರು ಬರೆದ ಹಾಳೆ ಹೊಳೆಯನ್ನು ಉಳಿಸಲೂಬಹುದು, ಕಸ್ತೂರಿರಂಗನ್ ವರದಿಯ ಹಾಗೆ ತೋಟದ ಮೇಲೆ ಗೆರೆ ಎಳೆಯಲೂಬಹುದು. ಎರಡನ್ನೂ ಮೂರು ವರ್ಷದೊಳಗೆ ನೋಡಿದ ಊರು ಕರ್ನಾಟಕದಲ್ಲಿ ಬೇರೆ ಎಷ್ಟಿದ್ದಾವು?

ನಿಯಾಸ್‌ನ ಇತಿಹಾಸ ಚಿಕ್ಕದು. ಕನಸು ಜೆ.ಆರ್.ಡಿ. ಟಾಟಾ ಅವರದು, ಕಟ್ಟಿದವರು ರಾಜಾ ರಾಮಣ್ಣ. 1988ರಲ್ಲಿ ಶುರುವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದೊಳಗೇ ನೆಲೆ ನಿಂತಿತು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಮಣ್ಣ 1974ರ ಪೋಖ್ರಾನ್ ಪರೀಕ್ಷೆಯ ಮುಂಚೂಣಿಯಲ್ಲಿದ್ದವರು, 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದವರು, ಪಿಯಾನೊ ನುಡಿಸುತ್ತಿದ್ದವರು. ಸಂಸ್ಥೆಯೂ ಅವರ ಹಾಗೇ ಹಲವು ಮುಖದ್ದು. ಐಎಎಸ್ ಅಧಿಕಾರಿ, ಸೇನಾಧಿಕಾರಿ, ವಿಜ್ಞಾನಿ, ಕಂಪನಿ ಮುಖ್ಯಸ್ಥರನ್ನು ಒಟ್ಟಿಗೆ ಕೂರಿಸಿ ಪಾಠ ಕೇಳಿಸುವ ಕ್ರಮ ಅಲ್ಲಿ ಬೆಳೆದು ಬಂತು. ಹಳಗನ್ನಡ, ಶಾಸನಗಳ ಮೇಲೆ ದುಡಿದ ಷ. ಶೆಟ್ಟರ್ ಕೂಡ ಅಲ್ಲಿ ಪ್ರಾಧ್ಯಾಪಕರಾಗಿದ್ದವರೇ. ಒಂದೇ ಸೂರಿನಡಿ ಶಾಸನದ ಅಕ್ಷರ ಬಿಡಿಸುವವರು ಮತ್ತು ಕ್ಷಿಪಣಿಯ ಚಿತ್ರ ಬಿಡಿಸುವವರು!

ನನ್ನನ್ನು ಈ ಸಂಸ್ಥೆಯತ್ತ ಎಳೆದದ್ದು ಈ ಎರಡನೇ ಬಗೆಯವರು, ಅದರಲ್ಲೂ ಎಸ್. ಚಂದ್ರಶೇಖರ್. ಇಸ್ರೋದಲ್ಲಿ ಎರಡು ದಶಕ ಕಳೆದು, ಬೆಂಗಳೂರು ಐಐಎಂನಲ್ಲಿ ಪಾಠ ಹೇಳಿ, ಆಮೇಲೆ ನಿಯಾಸ್‌ಗೆ ಬಂದವರು. ಇಸ್ರೋದಲ್ಲಿ ಘನ ಇಂಧನದ ರಾಕೆಟ್‌ಗಳ ಮೇಲೆ ಕೆಲಸ ಮಾಡಿದ್ದ ರಾಜಾರಾಮ್ ನಾಗಪ್ಪ ಅಲ್ಲಿ ಅವರ ಜೊತೆ ಕೂಡಿಕೊಂಡರು. ತಾವೇ ರಾಕೆಟ್ ಮಾಡಿ ಬಲ್ಲವರು ಬೇರೆಯವರ ರಾಕೆಟ್ ನೋಡಲು ಕೂತರೆ ಕಾಣುವುದೇ ಬೇರೆ. ಗೂಢಚಾರರಿಲ್ಲ, ಗುಪ್ತ ಕಡತಗಳಿಲ್ಲ. ಮೆರವಣಿಗೆಯ ಫೋಟೊ, ಪತ್ರಿಕೆಯಲ್ಲಿ ಬಂದ ಚಿತ್ರ, ಉಪಗ್ರಹಗಳ ಕಕ್ಷೆಯ ಬಗ್ಗೆ ಯಾರು ಬೇಕಾದರೂ ಪಡೆಯಬಹುದಾದ ಅಂಕಿಅಂಶ, ಇಷ್ಟೇ ಬಂಡವಾಳ.

ಕೆಲಸ ನಡೆಯುವುದು ಹೀಗೆ. 2009ರ ಅಕ್ಟೋಬರ್ 1ರಂದು ಬೀಜಿಂಗ್‌ನಲ್ಲಿ ಚೀನಾ ತನ್ನ ಕ್ಷಿಪಣಿಗಳನ್ನು ಲಾರಿಗಳ ಮೇಲೆ ಹೇರಿ ಮೆರವಣಿಗೆ ಮಾಡಿತು. ಅಂಥ ಒಂದು ಫೋಟೊ ತೆಗೆದುಕೊಳ್ಳಿ. ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತಾ ಹೋದರೆ ಕೊನೆಗೆ ಬರೀ ಚುಕ್ಕೆಗಳು. ಕೊಳವೆಯ ಅಡ್ಡಗಲ 40 ಚುಕ್ಕೆ, ಉದ್ದ 300 ಚುಕ್ಕೆ ಇದೆ ಎಂದುಕೊಳ್ಳಿ (ಅಂಕಿ ನನ್ನದು, ಲೆಕ್ಕ ತಿಳಿಯಲೆಂದು). ಅಡ್ಡಗಲ 1.4 ಮೀಟರ್ ಎಂದು ಬೇರೆ ಮೂಲದಿಂದ ಖಚಿತವಾಗಿದ್ದರೆ ಉದ್ದ 10.5 ಮೀಟರ್. ಫೋಟೊ ಓರೆಯಾಗಿ ತೆಗೆದದ್ದಾದರೆ ದೂರದ ತುದಿ ಕುಗ್ಗಿ ಕಾಣುತ್ತದೆ, ಅದನ್ನು ಸರಿಪಡಿಸಬೇಕು. ಅದೇ ಕ್ಷಿಪಣಿಯ ಬೇರೆ ಬೇರೆ ಫೋಟೊಗಳಲ್ಲಿ ಅಳತೆ ಒಂದೇ ಬರುತ್ತದೆಯೇ ನೋಡಬೇಕು. ಒಂದು ಚುಕ್ಕೆ ತಪ್ಪಿದರೆ ಎಷ್ಟು ಸೆಂಟಿಮೀಟರ್ ತಪ್ಪುತ್ತದೆ ಎಂದು ಬರೆದಿಡಬೇಕು.

ಉದ್ದ, ಅಗಲ ಸಿಕ್ಕಿತೆಂದರೆ ಒಳಗಿನ ಜಾಗ ಸಿಕ್ಕಿತು. ಆ ಜಾಗದಲ್ಲಿ ಘನ ಇಂಧನ ಎಷ್ಟು ಟನ್ ಹಿಡಿಸುತ್ತದೆ, ಕವಚದ ತೂಕ ಎಷ್ಟಿರಬಹುದು, ಮೂತಿಯಲ್ಲಿ ಎಷ್ಟು ಭಾರ ಹೊರಬಹುದು ಎಂಬುದು ಮುಂದಿನ ಲೆಕ್ಕ. ಎಲ್ಲ ಸೇರಿಸಿ ದಾರಿ ಬಿಡಿಸಿದರೆ ಕ್ಷಿಪಣಿ ಎಷ್ಟು ಕಿಲೋಮೀಟರ್ ಹೋಗಿ ಬೀಳುತ್ತದೆ ಎಂಬ ಉತ್ತರ. ನಮ್ಮಲ್ಲಿ ಹಣ್ಣು ಕಾಫಿಯ ರಾಶಿ ನೋಡಿದ ಕೂಡಲೇ ಒಣ ಚೆರಿ ಎಷ್ಟು ಮೂಟೆ ಆದೀತೆಂದು ಹೇಳುವ ಹಳೆಯ ಮೇಸ್ತ್ರಿಗಳಿರುತ್ತಾರಲ್ಲ, ಅವರ ಕಣ್ಣಿಗೆ ಗಣಿತ ಕೂಡಿಸಿದ ಹಾಗೆ. ಸರ್ಕಾರಗಳು ಜಂಬಕ್ಕೆ ಹೆಚ್ಚು ಹೇಳುವುದೂ ಉಂಟು, ಬೇರೆಯವರಿಂದ ಮರೆಮಾಚಲು ಕಡಿಮೆ ಹೇಳುವುದೂ ಉಂಟು. ಕೊಳವೆಯ ಗಾತ್ರ ಮಾತ್ರ ಎರಡನ್ನೂ ಹೇಳುವುದಿಲ್ಲ.

ನನಗೆ ಇದಕ್ಕಿಂತ ರೋಚಕವೆನಿಸಿದ್ದು ಚೀನಾದ ಯಾವ್‌ಗಾನ್ ಉಪಗ್ರಹಗಳ ಕತೆ. ಸಾವಿರ ಕಿಲೋಮೀಟರ್‌ಗೂ ಆಚೆ ಚಲಿಸುತ್ತಿರುವ ಅಮೆರಿಕದ ವಿಮಾನವಾಹಕ ನೌಕೆಗೆ ನೆಲದಿಂದಲೇ ಕ್ಷಿಪಣಿ ಹೊಡೆಯುತ್ತೇವೆ ಎನ್ನುವುದು ಚೀನಾದ ಹವಣಿಕೆ. ಕ್ಷಿಪಣಿ ಇದ್ದರಾಯಿತೇ? ಹಡಗು ಈ ಕ್ಷಣ ಎಲ್ಲಿದೆ ಎಂದು ತಿಳಿಯಬೇಡವೇ? 2010ರ ಮಾರ್ಚ್‌ನಲ್ಲಿ ಚೀನಾ ಯಾವ್‌ಗಾನ್-9 ಹೆಸರಿನಲ್ಲಿ ಹಾರಿಸಿದ್ದು ಒಂದಲ್ಲ, ಒಟ್ಟೊಟ್ಟಿಗೆ ಸಾಗುವ ಮೂರು ಉಪಗ್ರಹ. ಹಡಗಿನ ರೇಡಿಯೊ, ರೇಡಾರ್ ಸದ್ದನ್ನು ಮೂರು ಕಡೆಯಿಂದ ಹಿಡಿದು ಅದರ ಜಾಗ ಪತ್ತೆ ಹಚ್ಚುವ ಇಂಥದೇ ತಂತ್ರವನ್ನು ಅಮೆರಿಕ 1970ರ ದಶಕದಿಂದ ಬಳಸುತ್ತಿತ್ತು. ಚಂದ್ರಶೇಖರ್ ಮತ್ತು ಸಹೋದ್ಯೋಗಿಗಳು ಯಾವ್‌ಗಾನ್ ಸರಣಿಯ ಒಂದೊಂದೇ ಉಪಗ್ರಹದ ಕಕ್ಷೆ ಬಿಡಿಸಿ, ಯಾವುದು ಸದ್ದು ಕೇಳುವುದು, ಯಾವುದು ರೇಡಾರ್‌ನಿಂದ ನೋಡುವುದು, ಯಾವುದು ಬರಿಗಣ್ಣಿನ ಹಾಗೆ ಚಿತ್ರ ತೆಗೆಯುವುದು ಎಂದು ವಿಂಗಡಿಸಿದರು. ಒಂದಾದ ಮೇಲೊಂದು ಅವು ಒಂದೇ ಸಮುದ್ರದ ಮೇಲೆ ಹಾದುಹೋಗುವ ಹೊತ್ತನ್ನು ಲೆಕ್ಕ ಹಾಕಿ, ಹಡಗನ್ನು ಬೆನ್ನಟ್ಟುವ ಕಣ್ಣು ಚೀನಾಕ್ಕೆ ಬಂದಿದೆ ಎಂಬ ತೀರ್ಮಾನಕ್ಕೆ ಬಂದರು. ಯಶವಂತಪುರದ ಮಗ್ಗುಲಿನ ಆ ಆವರಣದಲ್ಲಿ ಕೂತು ಪೆಸಿಫಿಕ್ ಸಾಗರ ಓದಿದರು ಎನ್ನಬೇಕು. ಈ ವರದಿಗಳನ್ನು ಇಂಗ್ಲಿಷ್ ಬಲ್ಲ ಯಾರು ಬೇಕಾದರೂ ತರಿಸಿ ಓದಬಹುದು. ಕೋಷ್ಟಕಗಳು ತಲೆನೋವು ತರಿಸಿದರೂ ಪತ್ತೇದಾರಿ ಕಾದಂಬರಿಯ ರುಚಿ ಇದೆ.

ಇಂಥ ಓದಿನಿಂದ ಸರ್ಕಾರದ ನಿರ್ಧಾರ ಬದಲಾಗುತ್ತದೆಯೇ ಎಂದರೆ, ಯಾವ ಮಂತ್ರಿಯೂ ‘ಇಂಥ ವರದಿ ಓದಿ ಹೀಗೆ ಮಾಡಿದೆ’ ಎಂದು ಹೇಳುವುದಿಲ್ಲ. ಪ್ರಭಾವ ಕಾಣದ ದಾರಿಯಲ್ಲಿ ಹರಿಯುತ್ತದೆ. ದೆಹಲಿಯ ಉದಾಹರಣೆಯೊಂದು ಸ್ಪಷ್ಟ. 1965ರಲ್ಲಿ ಹುಟ್ಟಿದ ರಕ್ಷಣಾ ಅಧ್ಯಯನ ಸಂಸ್ಥೆಯನ್ನು ಬೆಳೆಸಿದ ಕೆ. ಸುಬ್ರಹ್ಮಣ್ಯಂ ಮುಂದೆ ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿಯ ಸಂಚಾಲಕರಾದರು. ಅಣ್ವಸ್ತ್ರವನ್ನು ಮೊದಲು ನಾವಾಗಿ ಬಳಸುವುದಿಲ್ಲ ಎಂಬ ಕರಡು ಸಿದ್ಧಾಂತ 1999ರ ಆಗಸ್ಟ್‌ನಲ್ಲಿ ಆ ಮಂಡಳಿಯಿಂದ ಬಂತು, 2003ರ ಜನವರಿಯಲ್ಲಿ ಕೆಲವು ಬದಲಾವಣೆಯೊಂದಿಗೆ ಸರ್ಕಾರದ ನೀತಿಯಾಯಿತು. ನಿಯಾಸ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೊಂದರ ಜೊತೆ ಶಸ್ತ್ರಾಸ್ತ್ರ ನಿಯಂತ್ರಣದ ಬಗ್ಗೆ ಮಾತುಕತೆ ನಡೆಸಿಕೊಂಡು ಬಂದದ್ದೂ ಇಂಥದೇ ಹಿಂಬಾಗಿಲ ಕೆಲಸ. ಸರ್ಕಾರಗಳು ಮುಖ ತಿರುಗಿಸಿ ಕೂತಾಗ ವಿಜ್ಞಾನಿಗಳು ಮಾತಾಡಿಕೊಂಡಿರಬೇಕಾಗುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ನಿತಿನ್ ಪೈ ಮತ್ತಿತರರು ಕಟ್ಟಿದ ತಕ್ಷಶಿಲಾ ಸಂಸ್ಥೆ ಇನ್ನೊಂದು ಬಗೆಯದು. ಅಲ್ಲಿ ಹುಡುಗ ಹುಡುಗಿಯರೇ ಹೆಚ್ಚು, ಕೋರ್ಸುಗಳು ಹೆಚ್ಚು, ಚೀನಾದ ಕಮ್ಯುನಿಸ್ಟ್ ಪಕ್ಷದ ಮುಖವಾಣಿ ಪೀಪಲ್ಸ್ ಡೈಲಿಯನ್ನು ದಿನವೂ ಓದಿ ಸಾರಾಂಶ ಬರೆಯುವವರೂ ಇದ್ದಾರೆ.

ಇಷ್ಟೆಲ್ಲ ಇದ್ದೂ ನನಗೊಂದು ಕೊರಗು. ವಿದೇಶಾಂಗ ನೀತಿ ಎಂದರೆ ಕ್ಷಿಪಣಿ, ಹಡಗು, ಗಡಿ ಎಂದೇ ನಮ್ಮ ಪಂಡಿತರೂ ನಂಬಿದ ಹಾಗಿದೆ. ಸಕಲೇಶಪುರದ ಬೆಳೆಗಾರನಿಗೆ ಅದು ಮೆಣಸಿನ ರೇಟು. 1998ರಲ್ಲಿ ಶ್ರೀಲಂಕಾ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ವರ್ಷಗಳ ಮೇಲೆ ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರು ಹಾಕಿಕೊಂಡು ಬರುತ್ತಿದೆ ಎಂದು ನಮ್ಮವರು ಬೀದಿಗಿಳಿದರು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಗುವ ಹೊತ್ತಿಗೆ ಮೆಣಸು ಕೊಯ್ದವನಿಗೆ ಆಗಬೇಕಾದ ನಷ್ಟ ಆಗಿತ್ತು. ಒಪ್ಪಂದದ ಕರಡು ಇದ್ದಾಗಲೇ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದವರು ಯಾರಿದ್ದರು?

ಈಗ ಮತ್ತೊಂದು ಬಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ತನಗೆ ಬೇಡ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯ ದಿನ ಮುಂದಕ್ಕೆ ಹೋಗುತ್ತಲೇ ಇದೆ, ಕಾನೂನು ಮಾತ್ರ ಹೋಗಿಲ್ಲ. ನಾಲ್ಕು ಹೆಕ್ಟೇರ್ ಮೀರಿದ ತೋಟವಾದರೆ ಅದರ ಗಡಿರೇಖೆ, ಚಿಕ್ಕದಾದರೆ ಅಕ್ಷಾಂಶ ರೇಖಾಂಶದ ಒಂದು ಬಿಂದು ಒದಗಿಸಬೇಕು. ಉಳಿದದ್ದನ್ನು ತೀರ್ಮಾನಿಸಲು ಉಪಗ್ರಹದ ಚಿತ್ರ ಇದ್ದೇ ಇದೆ. ನೆರಳಿನ ಕಾಫಿ ತೋಟ ಆಕಾಶದಿಂದ ಕಾಡಿನ ಹಾಗೇ ಕಾಣುತ್ತದೆ. ಮಳೆಗಾಲ ಹಿಡಿಯುವ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡಿಸಿದ ವಾರ ಅದೇ ತೋಟ ಬೋಳು. ಆ ಬೋಳನ್ನು ಕಂಡು ಯಾವನೋ ‘ಇಲ್ಲಿ ಕಾಡು ಕಡಿದಿದ್ದಾರೆ’ ಎಂದು ಬರೆದರೆ ಉತ್ತರ ಕೊಡುವವರು ಯಾರು?

ಈ ತಾಪತ್ರಯ ನಮಗೆ ಹೊಸದಲ್ಲ. ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ ಕೇಂದ್ರ ಪರಿಸರ ಸಚಿವಾಲಯಕ್ಕಾಗಿ 2013ರಲ್ಲಿ ಕೊಟ್ಟ ವರದಿಯೂ ಉಪಗ್ರಹದ ಚಿತ್ರ ಓದಿಯೇ ಬರೆದದ್ದು. ಒಂದು ಚುಕ್ಕೆಗೆ ಸುಮಾರು 24 ಮೀಟರ್ ನೆಲ. ಹಳ್ಳಿಯ ವಿಸ್ತೀರ್ಣದಲ್ಲಿ ಶೇ 20ರಷ್ಟೋ ಹೆಚ್ಚೋ ನೈಸರ್ಗಿಕ ಪ್ರದೇಶ ಕಂಡರೆ ಆ ಹಳ್ಳಿ ಪರಿಸರ ಸೂಕ್ಷ್ಮ ವಲಯಕ್ಕೆ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ತೋಟವನ್ನೂ ಕಾಡೆಂದು ಎಣಿಸಿದ್ದಾರೆ ಎಂಬ ದೂರು ಅಂದಿನಿಂದ ಇಂದಿನವರೆಗೆ ಇದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. 2025ರ ಏಪ್ರಿಲ್‌ನಲ್ಲಿ ಕಸ್ತೂರಿರಂಗನ್ ತೀರಿಕೊಂಡರು. ಕಾಡು ಉಳಿಯಬೇಕೆಂಬ ಅವರ ಆಸೆಯ ಬಗ್ಗೆ ನನಗೆ ತಕರಾರಿಲ್ಲ. ಹೊಂಗಡಹಳ್ಳದ ಹಳಬರಿಗೂ ಇದ್ದ ಹಾಗಿಲ್ಲ, ಹೊಳೆ ಅವರದೇ. ತಕರಾರು ಇರುವುದು ಒಂದು ಫೋಟೊದ ಮಾತನ್ನು ಇನ್ನೊಂದು ಫೋಟೊದಿಂದ ಪರೀಕ್ಷಿಸುವ ಶಿಸ್ತನ್ನು ಇಲ್ಲಿನ ನೆಲಕ್ಕೆ ಇಳಿದು ತೋರಿಸಲಿಲ್ಲವಲ್ಲ ಎಂಬುದಕ್ಕೆ. ಬೀಜಿಂಗ್‌ನ ಕ್ಷಿಪಣಿಗೆ ಸಿಕ್ಕ ತಾಳ್ಮೆ ಹೆತ್ತೂರಿನ ತೋಟಕ್ಕೆ ಸಿಗಲಿಲ್ಲ.

ಭಾಷೆಯ ಗೋಡೆಯೂ ಇದೆ. ತಕ್ಷಶಿಲಾದಲ್ಲಿ ದುಡಿದ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಅವರು ‘ತಲೆ-ಹರಟೆ’ ಎಂಬ ಕನ್ನಡ ಪಾಡ್‌ಕಾಸ್ಟ್ ನಡೆಸಿದರು; ದೊಡ್ಡ ವಿಷಯವನ್ನು ಕನ್ನಡದಲ್ಲಿ ಹರಟಬಹುದೆಂದು ತೋರಿಸಿದರು. ವರದಿಗಳಿಗೆ ಆ ಭಾಗ್ಯ ಬಂದಿಲ್ಲ.

ನಿಯಾಸ್‌ನವರಿಗೂ ತಕ್ಷಶಿಲಾದವರಿಗೂ ಒಂದು ವಿನಂತಿ. ಮರಗಸಿಯ ಕಾಲಕ್ಕೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಹೊಂಗಡಹಳ್ಳಕ್ಕೆ ಬನ್ನಿ. ಒಂದೇ ತೋಟದ ಎರಡು ಉಪಗ್ರಹ ಚಿತ್ರ ಕೈಯಲ್ಲಿಟ್ಟುಕೊಂಡು ಮರಗಳ ಕೆಳಗೆ ನಡೆದು ನೋಡಿ, ಬ್ರಸೆಲ್ಸ್‌ನ ಐರೋಪ್ಯ ಒಕ್ಕೂಟದವರಿಗೆ ತೋರಿಸುವಂಥ ಒಂದು ವರದಿ ಬರೆಯಿರಿ, ಅದರ ಕನ್ನಡ ಪ್ರತಿಯನ್ನು ಬೆಳೆಗಾರರ ಸಂಘಕ್ಕೆ ಕೊಡಿ. ಬೆಳೆಗಾರರ ಸಂಘದವರೂ ಪ್ರತಿಭಟನೆಯ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಈ ವಿದ್ಯೆ ಕಲಿಯಲು ಬೆಂಗಳೂರಿಗೆ ಕಳಿಸಲಿ.